ಕರ್ನಾಟಕ ಸಿಂಹ ಶ್ರೀ ಗಂಗಾಧರರಾವ ದೇಶಪಾಂಡೆಯವರು

ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಸಾಧನಗಳಲ್ಲಿ ಶ್ರವಣಕ್ಕೆ ನಮ್ಮ ಹಿರಿಯರು ಮೊದಲ ಸ್ಥಾನವನ್ನು ಕೊಟ್ಟಿದ್ದಾರೆ. ಚಾತುರ್ಮಾಸ್ಯದ ದಿನಗಳಲ್ಲಿ ಪಂಡಿತರ ಪ್ರವಚನಕ್ಕೆ ಕುಳಿತವರಿಗೆಲ್ಲ ಶಾಸ್ತ್ರಗ್ರಂಥಗಳ ರೀತಿ ತಿಳಿದೇ ಇದೆ. ಮೊದಲು ಪೂರ್ವಪಕ್ಷ, ಅನಂತರ ಸಿದ್ಧಾಂತ. ಎದುರುವಾದಿಯ ಮಾತನ್ನು ಅವನೇ ಒಪ್ಪುವಷ್ಟು ಪೂರ್ಣವಾಗಿ, ಅವನ ಯುಕ್ತಿಗಳಲ್ಲಿ ಒಂದನ್ನೂ ಮರೆಮಾಡದೆ ನಿರೂಪಿಸಿದ ಮೇಲೆಯೇ ಆಚಾರ್ಯರು ತಮ್ಮ ಉತ್ತರವನ್ನು ಆರಂಭಿಸುತ್ತಾರೆ. ಶ್ರೀ ವ್ಯಾಸರಾಜರು ನ್ಯಾಯಾಮೃತವನ್ನು ರಚಿಸಿದರು. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ಬರೆದರು. ಅದಕ್ಕೆ ಮತ್ತೆ ನಮ್ಮವರಿಂದ ತರಂಗಿಣಿ ಹೊರಟಿತು. ಈ ವಾದವು ತಲೆಮಾರುಗಳವರೆಗೆ ಘನತೆಯಿಂದ ಮುಂದುವರಿಯಲು ಕಾರಣವೇನೆಂದರೆ, ಒಂದು ಪಕ್ಷದವರು ಮತ್ತೊಂದು ಪಕ್ಷದ ಗ್ರಂಥವನ್ನು ಸಾದ್ಯಂತವಾಗಿ ಓದಿ ಮನನ ಮಾಡಿದ್ದು. ಕೇಳಿಸಿಕೊಳ್ಳದೆ ಖಂಡಿಸುವುದು ನಮ್ಮ ಪಾಠಶಾಲೆಗಳಲ್ಲಿ ಎಂದೂ ಪಾಂಡಿತ್ಯವೆನಿಸಲಿಲ್ಲ.

ಶಾಸ್ತ್ರವಿಚಾರದಲ್ಲಿ ಪಾಲಿಸಿಕೊಂಡು ಬಂದ ಈ ಮರ್ಯಾದೆಯು ಲೋಕವ್ಯವಹಾರದಲ್ಲಿ ಅಷ್ಟು ಸುಲಭವಾಗಿ ಕಾಣಸಿಗುವುದಿಲ್ಲ. ಜಾತಿ, ಭಾಷೆ, ರಾಜಕೀಯ ಪಕ್ಷಗಳ ಜಗಳದಲ್ಲಿ ಎದುರಿನವರ ಮಾತು ಕಿವಿಗೆ ಬೀಳುವ ಮೊದಲೇ ನಮ್ಮ ಉತ್ತರ ಸಿದ್ಧವಾಗಿರುತ್ತದೆ. ಬೆಳಗಾವಿ ಜಿಲ್ಲೆಯ ನೆಲದಲ್ಲಿ ಇಂಥ ದೀರ್ಘಕಾಲದ ಜಗಳಗಳು ಒಂದಲ್ಲ, ಮೂರು ನಾಲ್ಕು ಇದ್ದವು. ಅವೆಲ್ಲವೂ ಒಬ್ಬ ಮನುಷ್ಯನ ಬಾಗಿಲಿಗೆ ಬಂದವು. ಅವರೇ ಕರ್ನಾಟಕ ಸಿಂಹರೆಂದೂ ಖಾದಿ ಭಗೀರಥರೆಂದೂ ಕೀರ್ತಿ ಪಡೆದ ಶ್ರೀ ಗಂಗಾಧರರಾವ ದೇಶಪಾಂಡೆಯವರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಮನೆಗಳಲ್ಲಿ ಅವರ ಹೆಸರನ್ನು ಕೇಳಿದ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಕಿರಿಯರಿಗೆ ಅದು ಒಂದು ಬೀದಿಯ ಅಥವಾ ಭವನದ ಹೆಸರಾಗಿ ಮಾತ್ರ ಉಳಿಯಬಾರದೆಂಬ ಆಶಯದಿಂದ ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಗಂಗಾಧರರಾಯರು ೧೮೭೧ನೆಯ ಇಸವಿ ಮಾರ್ಚ ೩೧ರಂದು ಬೆಳಗಾವಿ ತಾಲೂಕಿನ ಹುದಲಿಯ ದೇಶಪಾಂಡೆ ಮನೆತನದಲ್ಲಿ ಜನಿಸಿದರು. ತಂದೆಯವರ ಹೆಸರು ಬಾಳಕೃಷ್ಣರಾಯರು. ದೇಶಪಾಂಡೆ ಎಂಬುದು ಕೇವಲ ಅಡ್ಡಹೆಸರಲ್ಲ, ಅದೊಂದು ಅಧಿಕಾರ. ಹಿಂದಿನ ಅರಸೊತ್ತಿಗೆಗಳಲ್ಲಿ ಒಂದು ಪರಗಣೆಯ ಕಂದಾಯ ವಸೂಲಿಯ ಹೊಣೆ ದೇಸಾಯರದಾದರೆ, ಅದರ ಲೆಕ್ಕಪತ್ರಗಳ ಹೊಣೆ ದೇಶಪಾಂಡೆಯವರದು. ಅದಕ್ಕಾಗಿ ಅವರಿಗೆ ವತನದ ಭೂಮಿ, ಹಕ್ಕು, ಮಾನ್ಯತೆಗಳು ಇರುತ್ತಿದ್ದವು. ಇಂಗ್ಲಿಷರ ಕಾಲದಲ್ಲಿ ಆ ಅಧಿಕಾರ ಕುಗ್ಗಿದರೂ ಭೂಮಿ ಮತ್ತು ಮಾನ್ಯತೆ ಉಳಿದಿದ್ದವು. ಹೀಗೆ ಉಣ್ಣಲು ಉಡಲು ಏನೂ ಕೊರತೆಯಿಲ್ಲದ, ಹತ್ತು ಹಳ್ಳಿಗಳ ಜನ ಕೈಮುಗಿದು ನಿಲ್ಲುವ ವಾಡೆಯಲ್ಲಿ ಅವರು ಬೆಳೆದರು. ಉಚ್ಚ ಶಿಕ್ಷಣವನ್ನು ಮುಗಿಸಿ ಬೆಳಗಾವಿಯಲ್ಲಿ ಸಾರ್ವಜನಿಕ ಜೀವನವನ್ನು ಆರಂಭಿಸಿದಾಗ ದೇಶದಲ್ಲಿ ಲೋಕಮಾನ್ಯ ತಿಲಕರ ಪ್ರಭಾವ ಮಧ್ಯಾಹ್ನದ ಸೂರ್ಯನಂತೆ ಬೆಳಗುತ್ತಿತ್ತು. ಗಂಗಾಧರರಾಯರು ತಿಲಕರನ್ನು ಗುರುಸ್ಥಾನದಲ್ಲಿ ಇರಿಸಿಕೊಂಡರು.

ತಿಲಕರು ೧೮೯೩ರಲ್ಲಿ ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ಹೊಸ ರೂಪ ಕೊಟ್ಟರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆ ಉತ್ಸವವು ಬೆಳಗಾವಿಗೂ ಬಂದಿತು. ಅದನ್ನು ಬೆಳೆಸಿದವರಲ್ಲಿ ಗಂಗಾಧರರಾಯರು ಪ್ರಮುಖರು. ಮನೆಯ ದೇವರ ಕೋಣೆಯಲ್ಲಿ ಕುಟುಂಬದವರಷ್ಟೇ ಆಚರಿಸುತ್ತಿದ್ದ ಚೌತಿಯು ಓಣಿಯ ಚಪ್ಪರಕ್ಕೆ ಬಂದಾಗ, ಮಂಗಳಾರತಿಗೆ ಬೇರೆ ಬೇರೆ ಜಾತಿಯವರು ಒಂದೆಡೆ ನಿಲ್ಲುವಂತಾಯಿತು. ಸ್ವದೇಶಿ ವ್ರತ, ಮದ್ಯಪಾನ ನಿಷೇಧ, ರಾಷ್ಟ್ರೀಯ ಶಿಕ್ಷಣ ಇವುಗಳ ಉಪನ್ಯಾಸಗಳು ಅದೇ ಚಪ್ಪರದಲ್ಲಿ ನಡೆದವು. ಉತ್ಸವವು ಜನರನ್ನು ಕೂಡಿಸಬಲ್ಲದೆಂಬ ಮೊದಲ ಪಾಠವನ್ನು ರಾಯರು ಇಲ್ಲಿ ಕಲಿತರೆಂದು ಹೇಳಬಹುದು. ಆದರೆ ಕೂಡಿಸುವುದು ಬೇರೆ, ಕೂಡಿದವರ ಮನಸ್ಸಿನಲ್ಲಿ ಇದ್ದದ್ದನ್ನು ಕೇಳುವುದು ಬೇರೆ. ಎರಡನೆಯ ಪಾಠಕ್ಕೆ ಇನ್ನೂ ಕಾಲ ಬೇಕಾಯಿತು.

ಅವರು ಕಂಡ ಮೊದಲ ದೊಡ್ಡ ಒಡಕು ಕಾಂಗ್ರೆಸ್ಸಿನದೇ. ೧೯೦೭ರ ಡಿಸೆಂಬರದಲ್ಲಿ ಸೂರತ ಅಧಿವೇಶನವು ಮಂದಗಾಮಿ, ತೀವ್ರಗಾಮಿಗಳ ಕಲಹದಲ್ಲಿ ಮುರಿದುಬಿದ್ದಿತು. ಮರುವರ್ಷ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಬ್ರಹ್ಮದೇಶದ ಮಂಡಾಲೆಗೆ ಒಯ್ದರು. ೧೯೧೪ರಲ್ಲಿ ಅವರು ಬಿಡುಗಡೆಯಾಗಿ ಬಂದಾಗಲೂ ಕಾಂಗ್ರೆಸ್ಸಿನ ಬಾಗಿಲು ಅವರ ಪಕ್ಷಕ್ಕೆ ಮುಚ್ಚಿಯೇ ಇತ್ತು. ೧೯೧೫ರಲ್ಲಿ ಗೋಖಲೆಯವರೂ ಫಿರೋಜಶಹಾ ಮೇಥಾ ಅವರೂ ದಿವಂಗತರಾದರು. ಆ ವರ್ಷದ ಕೊನೆಗೆ ಮುಂಬಯಿಯಲ್ಲಿ ಕಾಂಗ್ರೆಸ್ಸು ತನ್ನ ನಿಯಮಗಳನ್ನು ಸಡಿಲಿಸಿತು. ಇನ್ನು ಒಳಗೆ ಹೋಗಬೇಕೆ ಬೇಡವೇ ಎಂಬುದನ್ನು ತಿಲಕರ ಅನುಯಾಯಿಗಳು ನಿರ್ಣಯಿಸಬೇಕಾಗಿತ್ತು. ಈ ನಿರ್ಣಯವಾದದ್ದು ಬೆಳಗಾವಿಯಲ್ಲಿ, ೧೯೧೬ರ ಏಪ್ರಿಲ ಕೊನೆಗೆ ನಡೆದ ಮುಂಬಯಿ ಪ್ರಾಂತಿಕ ಪರಿಷತ್ತಿನಲ್ಲಿ. ಒಂಬತ್ತು ವರ್ಷಗಳ ಅಪಮಾನವನ್ನು ನುಂಗಿಕೊಂಡು ಕಾಂಗ್ರೆಸ್ಸನ್ನು ಸೇರುವ ಗೊತ್ತುವಳಿ ಅಲ್ಲಿ ಅಂಗೀಕೃತವಾಯಿತು. ತಿಲಕರ ಹೋಮರೂಲ್ ಸಂಘವೂ ಆ ದಿನಗಳಲ್ಲೇ ಬೆಳಗಾವಿಯಲ್ಲಿ ಸ್ಥಾಪನೆಯಾಯಿತು. ಮಹಾತ್ಮಾ ಗಾಂಧಿಯವರೂ ಆ ಪರಿಷತ್ತಿಗೆ ಬಂದಿದ್ದರು. ಅದೇ ವರ್ಷ ಡಿಸೆಂಬರದಲ್ಲಿ ಲಖನೌದಲ್ಲಿ ಎರಡೂ ಪಕ್ಷಗಳು ಒಂದೇ ವೇದಿಕೆಯ ಮೇಲೆ ಕುಳಿತವು. ಆತಿಥೇಯರಾಗಿ ಓಡಾಡಿದ ಗಂಗಾಧರರಾಯರಿಗೆ ರಾಜಿಯೆಂಬುದು ಸೋಲಲ್ಲವೆಂಬುದು ಆಗ ಪ್ರತ್ಯಕ್ಷವಾಗಿ ಕಂಡಿತು.

೧೯೨೦ರ ಆಗಸ್ಟ ೧ರಂದು ತಿಲಕರು ಪರಂಧಾಮವನ್ನೈದಿದರು. ಅವರ ಅನುಯಾಯಿಗಳಲ್ಲಿ ಅನೇಕರಿಗೆ ಗಾಂಧೀಜಿಯವರ ಅಸಹಕಾರ ಮಾರ್ಗ ಒಪ್ಪಿಗೆಯಾಗಲಿಲ್ಲ. ಗಂಗಾಧರರಾಯರು ಮಾತ್ರ ಹಳೆಯ ಗುರುವಿನ ಮೇಲಿನ ಭಕ್ತಿಯನ್ನು ಬಿಡದೆಯೇ ಹೊಸ ಮುಂದಾಳುವಿನ ಮಾತಿಗೆ ಕಿವಿಗೊಟ್ಟರು. ಆ ವರ್ಷ ನಾಗಪುರ ಕಾಂಗ್ರೆಸ್ಸು ಭಾಷಾನುಸಾರವಾಗಿ ಪ್ರಾಂತಿಕ ಸಮಿತಿಗಳನ್ನು ರಚಿಸಲು ನಿಶ್ಚಯಿಸಿತು. ಮುಂಬಯಿ, ಮದ್ರಾಸ, ಹೈದರಾಬಾದ, ಮೈಸೂರು ಮುಂತಾಗಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿ ದೊರೆಯಿತು. ಅದರ ಮೊದಲ ಅಧ್ಯಕ್ಷರು ಗಂಗಾಧರರಾಯರೇ. ಮರಾಠಿಯಲ್ಲಿ ವಿದ್ಯೆ ಕಲಿತು, ಪುಣೆಯ ಕಡೆಗೆ ಮುಖ ಮಾಡಿಕೊಂಡೇ ಬೆಳೆದ ಮನುಷ್ಯನು ಕರ್ನಾಟಕದ ಧ್ವಜವನ್ನು ಹಿಡಿದದ್ದು ಸಾಮಾನ್ಯ ಸಂಗತಿಯಲ್ಲ. ಅವರು ಮುಂದೆ ತಮ್ಮ ಆತ್ಮಚರಿತ್ರೆಯನ್ನು ಬರೆದದ್ದೂ ಮರಾಠಿಯಲ್ಲಿಯೇ. ಎರಡು ಭಾಷೆಗಳಲ್ಲಿ ಒಂದನ್ನು ದ್ವೇಷಿಸಿ ಮತ್ತೊಂದನ್ನು ಪ್ರೀತಿಸುವ ಅಗತ್ಯ ಅವರಿಗೆ ಎಂದೂ ಬೀಳಲಿಲ್ಲ.

ಇನ್ನು ಹೇಳಬೇಕಾದ ವಿಷಯವು ನಮ್ಮ ಸಮಾಜಕ್ಕೆ ತುಸು ಕಹಿಯಾದದ್ದು. ಆ ಕಾಲದಲ್ಲಿ ಬ್ರಾಹ್ಮಣ, ಬ್ರಾಹ್ಮಣೇತರರೆಂಬ ಕಲಹವು ಕೊಲ್ಲಾಪುರದಿಂದ ಧಾರವಾಡದವರೆಗೆ ಹಬ್ಬಿತ್ತು. ನಮ್ಮಲ್ಲಿ ಕೆಲವರು ಇಂದಿಗೂ ಅದನ್ನು ಯಾರೋ ಹೊರಗಿನವರು ಎತ್ತಿಕಟ್ಟಿದ ಜಗಳವೆಂದು ತಿಳಿಯುತ್ತಾರೆ. ಇಂಗ್ಲಿಷ ಸರಕಾರಕ್ಕೆ ಅದರಿಂದ ಲಾಭವಿತ್ತೆಂಬುದು ನಿಜ. ಆದರೂ ಪೂರ್ವಪಕ್ಷವನ್ನು ಪೂರ್ಣವಾಗಿ ನಿರೂಪಿಸುವುದು ನಮ್ಮ ಶಾಸ್ತ್ರಮರ್ಯಾದೆಯಾದ್ದರಿಂದ ಆ ಪಕ್ಷದ ಮಾತನ್ನೂ ಹೇಳಬೇಕು. ಕಚೇರಿಯ ಕಾರಕೂನರು, ಶಾಲೆಯ ಮಾಸ್ತರರು, ಕೋರ್ಟಿನ ವಕೀಲರು, ಊರಿನ ಕುಲಕರ್ಣಿಗಳು ಇವರಲ್ಲಿ ಬಹುಪಾಲು ಬ್ರಾಹ್ಮಣರೇ ಆಗಿದ್ದರು. ಓದುಬರಹ ಬಾರದ ರೈತನು ತನ್ನ ಹೊಲದ ಲೆಕ್ಕವನ್ನು ತಾನು ಓದಲಾರದೆ ಬೇರೆಯವರ ಲೇಖಣಿಯನ್ನು ನಂಬಿ ಬದುಕಬೇಕಾಗಿತ್ತು. ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು ತಮ್ಮ ಅರಮನೆಯಲ್ಲೇ ವೇದೋಕ್ತ ವಿಧಿಗೆ ಅನರ್ಹರೆನಿಸಿಕೊಂಡ ನೋವನ್ನು ಅನುಭವಿಸಿ, ೧೯೦೨ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಅರ್ಧ ಭಾಗವನ್ನು ಮೀಸಲಿಟ್ಟರು. ನಮ್ಮ ಸವದತ್ತಿ ತಾಲೂಕಿನ ಶಿರಸಂಗಿಯ ದೇಸಾಯಿ ಲಿಂಗರಾಜರು ೧೯೦೬ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಅಪಾರ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟು ತ್ಯಾಗವೀರರೆನಿಸಿದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಈ ಸಂಸ್ಥೆಗಳೆಲ್ಲ ದ್ವೇಷದಿಂದ ಹುಟ್ಟಿದವಲ್ಲ. ವಿದ್ಯೆಯ ಹಸಿವಿನಿಂದ ಹುಟ್ಟಿದವು. ಆ ಹಸಿವು ಇಷ್ಟು ದಿನ ನಮ್ಮ ಹಿರಿಯರ ಕಣ್ಣಿಗೆ ಬೀಳದಿದ್ದದ್ದು ನಮ್ಮ ಸಮಾಜದ ದೋಷವೇ ಸರಿ.

ಇಂಥ ಸ್ಥಿತಿಯಲ್ಲಿ ಕಾಂಗ್ರೆಸ್ಸು ಬ್ರಾಹ್ಮಣರ ಸಂಸ್ಥೆಯೆಂದು ಜನರಾಡುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬೆಳಗಾವಿಯಲ್ಲಿ ಅದರ ಮುಖಂಡರು ಜನ್ಮತಃ ಬ್ರಾಹ್ಮಣರು, ವೃತ್ತಿಯಿಂದ ವತನದಾರರು. ಆದ್ದರಿಂದ ೧೯೨೪ರಲ್ಲಿ ಕಾಂಗ್ರೆಸ್ಸಿನ ಮೂವತ್ತೊಂಬತ್ತನೆಯ ಅಧಿವೇಶನವು ಬೆಳಗಾವಿಗೆ ಬಂದಾಗ ಸ್ವಾಗತ ಸಮಿತಿಯ ಅಧ್ಯಕ್ಷರಾದ ಗಂಗಾಧರರಾಯರ ಮುಂದೆ ಇದ್ದ ಕೆಲಸವು ಚಪ್ಪರ ಹಾಕುವುದಕ್ಕಿಂತ ಬಹಳ ದೊಡ್ಡದಾಗಿತ್ತು.

ಆ ಅಧಿವೇಶನದ ವಿವರಗಳನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳುವುದು ಅವಶ್ಯ. ಕಿತ್ತೂರಿನ ರಾಣಿ ಚೆನ್ನಮ್ಮನ ಸೈನ್ಯವು ೧೮೨೪ರ ಅಕ್ಟೋಬರ ೨೩ರಂದು ಥ್ಯಾಕರೆಯ ಪಡೆಯನ್ನು ಸೋಲಿಸಿ ಆಗ ಸರಿಯಾಗಿ ನೂರು ವರ್ಷಗಳಾಗಿದ್ದವು. ಒಳಗಿನವರು ಪರಸ್ಪರ ನಂಬದೆ ಹೋದಾಗ ಕೋಟೆ ಹೇಗೆ ಬೀಳುತ್ತದೆಂಬುದನ್ನು ನಮ್ಮ ಸೀಮೆಯ ಜನ ಲಾವಣಿ, ನಾಟಕಗಳಲ್ಲಿ ತಲೆಮಾರುಗಳಿಂದ ಕೇಳಿದ್ದರು. ೧೯೨೪ರಲ್ಲಿ ದೇಶದ ಕಾಂಗ್ರೆಸ್ಸಿನ ಕೋಟೆಯೂ ಒಳಗಿನಿಂದ ಬಿರುಕುಬಿಟ್ಟಿತ್ತು. ಚಿತ್ತರಂಜನ ದಾಸ ಮತ್ತು ಮೋತೀಲಾಲ ನೆಹರೂ ಅವರ ಸ್ವರಾಜ್ಯ ಪಕ್ಷವು ಶಾಸನಸಭೆಗಳನ್ನು ಪ್ರವೇಶಿಸಬೇಕೆನ್ನುತ್ತಿತ್ತು. ಅದು ಕೂಡದು, ರಚನಾತ್ಮಕ ಕಾರ್ಯವನ್ನೇ ಮಾಡಬೇಕೆನ್ನುವ ಪಕ್ಷವು ಇನ್ನೊಂದು. ಗಂಗಾಧರರಾಯರು ಈ ಎರಡನೆಯ ಪಕ್ಷದ ಕಟ್ಟಾಳು. ಅದೇ ಸೆಪ್ಟೆಂಬರದಲ್ಲಿ ಕೋಹಾಟದಲ್ಲಿ ಹಿಂದೂ ಮುಸಲ್ಮಾನರ ದಂಗೆಯಾಗಿ, ಗಾಂಧೀಜಿಯವರು ದಿಲ್ಲಿಯಲ್ಲಿ ಮೌಲಾನಾ ಮಹಮದಲಿಯವರ ಮನೆಯಲ್ಲಿ ೨೧ ದಿನಗಳ ಉಪವಾಸವನ್ನು ಕೈಗೊಂಡಿದ್ದರು. ಉಪವಾಸದಿಂದ ಬಳಲಿದ ದೇಹದಿಂದಲೇ ಅವರು ಬೆಳಗಾವಿಯ ಅಧ್ಯಕ್ಷಪದವನ್ನು ಒಪ್ಪಿಕೊಂಡರು. ಅವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ಇದೊಂದೇ.

ನವೆಂಬರದಲ್ಲಿ ಕಲಕತ್ತೆಯಲ್ಲಿ ಗಾಂಧೀಜಿ, ದಾಸ, ನೆಹರೂ ಈ ಮೂವರ ನಡುವೆ ಒಪ್ಪಂದವಾಗಿತ್ತು. ವಿದೇಶಿ ಬಟ್ಟೆಯ ಬಹಿಷ್ಕಾರವೊಂದನ್ನು ಬಿಟ್ಟು ಉಳಿದ ಅಸಹಕಾರವನ್ನು ತಡೆಹಿಡಿಯುವುದು. ಶಾಸನಸಭೆಯ ಕೆಲಸವನ್ನು ಸ್ವರಾಜ್ಯ ಪಕ್ಷವು ಕಾಂಗ್ರೆಸ್ಸಿನ ಪರವಾಗಿಯೇ ಮಾಡುವುದು. ಪ್ರತಿಯೊಬ್ಬ ಸದಸ್ಯನೂ ತಿಂಗಳಿಗೆ ಎರಡು ಸಾವಿರ ಗಜ ನೂಲನ್ನು ಕೊಡುವುದು. ಎರಡೂ ಪಕ್ಷದವರಿಗೆ ಇದರಲ್ಲಿ ನುಂಗಲಾಗದ ತುತ್ತು ಒಂದೊಂದಿತ್ತು. ಬೆಳಗಾವಿಯಲ್ಲಿ ಡಿಸೆಂಬರ ೨೬, ೨೭ರಂದು ಈ ಒಪ್ಪಂದಕ್ಕೆ ಕಾಂಗ್ರೆಸ್ಸಿನ ಮುದ್ರೆ ಬಿದ್ದಿತು. ತಮ್ಮ ಪಕ್ಷಕ್ಕೆ ವಿರುದ್ಧವಾದ ಮಾತಿಗೆ ತಮ್ಮದೇ ಊರಿನಲ್ಲಿ, ತಮ್ಮದೇ ಆತಿಥ್ಯದಲ್ಲಿ ಮನ್ನಣೆ ದೊರೆಯುವುದನ್ನು ರಾಯರು ಶಾಂತಚಿತ್ತದಿಂದ ಸ್ವೀಕರಿಸಿದರು.

ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಹೆಸರಿನ ನಗರವು ಎದ್ದಿತು. ನೀರಿಗಾಗಿ ೪,೩೭೦ ರೂಪಾಯಿ ಚಿಲ್ಲರೆ ವೆಚ್ಚದಲ್ಲಿ ಪಂಪಾ ಸರೋವರವೆಂಬ ಬಾವಿಯನ್ನು ತೋಡಿದರು. ಇಂದಿಗೂ ಅದು ಕಾಂಗ್ರೆಸ್ ಬಾವಿಯೆಂದು ಪ್ರಸಿದ್ಧವಾಗಿದೆ. ಕಾಕಾಸಾಹೇಬ ಕಾಲೇಲಕರರ ಮೇಲ್ವಿಚಾರಣೆಯಲ್ಲಿ ಸ್ವಯಂಸೇವಕರು ಶೌಚಸ್ಥಾನಗಳ ಸ್ವಚ್ಛತೆಯ ಕೆಲಸವನ್ನು ಕೈಯಾರೆ ಮಾಡಿದರು. ಅವರಲ್ಲಿ ಅನೇಕರು ಬ್ರಾಹ್ಮಣ ತರುಣರು. ಮಡಿ ಮೈಲಿಗೆಯ ಕಟ್ಟಿನಲ್ಲಿ ಬೆಳೆದ ಮನೆಗಳಿಂದ ಬಂದ ಹುಡುಗರು ಆ ಪೊರಕೆಯನ್ನು ಹಿಡಿದದ್ದನ್ನು ಕಂಡು ಊರಿನ ಜನ ಬೆರಗಾದದ್ದು ಸಹಜ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಸೇವಾದಳವು ಶಿಸ್ತಿಗೆ ಹೆಸರಾಯಿತು.

ಅದೇ ದಿನಗಳಲ್ಲಿ ಬೆಳಗಾವಿಯಲ್ಲಿ ಬೇರೆ ಬೇರೆ ಪಕ್ಷಗಳ ಸಭೆಗಳೂ ಸೇರಿದವು. ಖಿಲಾಫತ ಪರಿಷತ್ತು ಸೇರಿತು. ಪಂಡಿತ ಮದನಮೋಹನ ಮಾಲವೀಯರ ನೇತೃತ್ವದಲ್ಲಿ ಹಿಂದೂ ಮಹಾಸಭೆ ಸೇರಿತು. ಕಾಂಗ್ರೆಸ್ಸನ್ನು ಬಹಿರಂಗವಾಗಿ ಟೀಕಿಸುತ್ತಿದ್ದ ಬ್ರಾಹ್ಮಣೇತರರ ಪರಿಷತ್ತೂ ಮದ್ರಾಸಿನ ರಾಮಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ ಅದೇ ಊರಲ್ಲಿ ಸೇರಿತು. ಇವೆಲ್ಲವುಗಳಿಗಿಂತ ನಮ್ಮ ದೃಷ್ಟಿಯಿಂದ ಮುಖ್ಯವಾದದ್ದು ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತು. ಏಕೀಕರಣವೆಂಬುದು ಧಾರವಾಡದ ಕೆಲವು ಬ್ರಾಹ್ಮಣ ಪಂಡಿತರ ಹಂಬಲವೆಂಬ ಸಂಶಯ ಉಳಿದವರಲ್ಲಿ ಇತ್ತು. ಒಂದಾದ ಕರ್ನಾಟಕದಲ್ಲಿ ಯಾರ ಕೈ ಮೇಲಾಗುವುದೆಂಬ ಚಿಂತೆ ಎಲ್ಲರಿಗೂ ಇತ್ತು. ಆ ಪರಿಷತ್ತಿನ ಅಧ್ಯಕ್ಷಪೀಠದಲ್ಲಿ ಕುಳಿತವರು ಹುಬ್ಬಳ್ಳಿಯ ವಕೀಲರೂ ಬ್ರಾಹ್ಮಣೇತರ ಪಕ್ಷದ ಧುರೀಣರೂ ಆದ ಶ್ರೀ ಸಿದ್ದಪ್ಪ ಕಂಬಳಿಯವರು. ಹುಯಿಲಗೋಳ ನಾರಾಯಣರಾಯರ ನಾಡಗೀತವು ಆಗಲೇ ಬೆಳಗಾವಿಯಲ್ಲಿ ಮೊಳಗಿ ನಾಡಿನ ತುಂಬ ಹರಡಿತು. ಹಾಡನ್ನು ಕಟ್ಟಿದವರು ಒಂದು ಸಮಾಜದವರು, ಪೀಠವನ್ನು ಅಲಂಕರಿಸಿದವರು ಇನ್ನೊಂದು ಸಮಾಜದವರು, ಕನಸು ಇಬ್ಬರದೂ ಒಂದೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಡಿಸೆಂಬರದಲ್ಲಿ ಯಾರೂ ತಮ್ಮ ಪಕ್ಷವನ್ನು ಬಿಟ್ಟುಕೊಡಲಿಲ್ಲ. ಕಂಬಳಿಯವರು ಬ್ರಾಹ್ಮಣೇತರ ಪಕ್ಷದಲ್ಲಿಯೇ ಮುಂದುವರಿದು ಮುಂಬಯಿ ಸರಕಾರದಲ್ಲಿ ಮಂತ್ರಿಗಳಾದರು. ಗಂಗಾಧರರಾಯರು ಕಾಂಗ್ರೆಸ್ಸಿನಲ್ಲಿಯೇ ಉಳಿದರು. ನಮ್ಮ ಸಿದ್ಧಾಂತದಲ್ಲಿ ಭೇದವು ಸತ್ಯವೆಂದು ಹೇಳುತ್ತೇವೆ. ಭೇದವು ಸತ್ಯವೆಂದ ಮಾತ್ರಕ್ಕೆ ದ್ವೇಷವು ಧರ್ಮವಾಗುವುದಿಲ್ಲ. ಬೇರೆ ಬೇರೆಯಾಗಿಯೇ ಇದ್ದು, ಒಬ್ಬರ ಮಾತನ್ನೊಬ್ಬರು ಕೇಳಿ, ಕೂಡಿ ಮಾಡಬಹುದಾದ ಕೆಲಸವನ್ನು ಕೂಡಿ ಮಾಡುವುದೆಂದರೇನೆಂಬುದಕ್ಕೆ ಆ ಅಧಿವೇಶನವು ಒಂದು ದೃಷ್ಟಾಂತ.

ಇದರ ಫಲವು ಕೂಡಲೇ ಕೈಗೆ ಸಿಗಲಿಲ್ಲ. ಮಾತಿನ ಒಪ್ಪಂದಕ್ಕೆ ಜನರ ನಂಬಿಕೆ ಬರಬೇಕಾದರೆ ಹೇಳಿದವನು ತಾನು ಏನನ್ನು ಬಿಡುತ್ತಾನೆಂಬುದನ್ನು ಅವರು ನೋಡುತ್ತಾರೆ. ರಾಷ್ಟ್ರಕಾರ್ಯದಲ್ಲಿ ರಾಯರ ಆಸ್ತಿಯ ಬಹುಭಾಗವು ಕರಗಿಹೋಯಿತು. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಅವರು ಸೆರೆಮನೆಗೆ ಹೋದರು. ವಾಡೆಯ ವೈಭವವನ್ನು ಬಿಟ್ಟು ಹುದಲಿಯಲ್ಲಿ ಖಾದಿ ಕೇಂದ್ರವನ್ನು ಬೆಳೆಸಿ, ಅಲ್ಲಿಯೇ ಸರಳವಾಗಿ ಬದುಕಿದರು. ಬೈಲಹೊಂಗಲ, ಸವದತ್ತಿಯ ಕರಿಮಣ್ಣಿನಲ್ಲಿ ಬೆಳೆಯುವ ಹತ್ತಿ, ರಾಮದುರ್ಗದ ಮಗ್ಗಗಳು ನಮಗೆಲ್ಲ ಪರಿಚಿತವೇ. ಹತ್ತಿ ಬೆಳೆದ ರೈತ, ಅದನ್ನು ಹಿಂಜಿ ನೂಲುವ ಬಡ ಹೆಂಗಸು, ಬಟ್ಟೆ ನೇಯುವ ನೇಕಾರ, ಅದನ್ನು ಉಡುವ ವಕೀಲ ಇವರನ್ನು ಒಂದೇ ಎಳೆಯಲ್ಲಿ ಕಟ್ಟುವ ಕೆಲಸವದು. ಕೈಮುಗಿದು ನಿಲ್ಲುತ್ತಿದ್ದ ಜನರ ಪಕ್ಕದಲ್ಲಿ ದೇಶಪಾಂಡೆಯವರು ಚರಕವನ್ನು ಹಿಡಿದು ಕುಳಿತಾಗ ಹಳ್ಳಿಯವರು ಮೊದಲ ಸಲ ಅವರೊಂದಿಗೆ ತಮ್ಮ ಮಾತನ್ನು ನಿಸ್ಸಂಕೋಚವಾಗಿ ಆಡಿರಬೇಕು. ೧೯೩೭ರ ಏಪ್ರಿಲದಲ್ಲಿ ಗಾಂಧೀ ಸೇವಾ ಸಂಘದ ಸಮ್ಮೇಳನವು ಈ ಹುದಲಿಯಲ್ಲಿ ನಡೆದು, ಗಾಂಧೀಜಿಯವರು ಕೆಲವು ದಿನ ಅಲ್ಲಿ ತಂಗಿದ್ದರು.

೧೯೩೦ರ ಚಳವಳಿಯ ನಂತರ ಕರ್ನಾಟಕದ ಹಳ್ಳಿಗಳ ಲಿಂಗಾಯತ ರೈತರು ಹೆಚ್ಚು ಹೆಚ್ಚಾಗಿ ಕಾಂಗ್ರೆಸ್ಸಿಗೆ ಬಂದರು. ಮುಂದಾಳುತನವೂ ಕ್ರಮೇಣ ಅವರ ಕೈಗೆ ಹೋಯಿತು. ಬೆಳಗಾವಿಯಲ್ಲಿ ಬ್ರಾಹ್ಮಣೇತರ ಚಳವಳಿಯ ಹಿರಿಯರೂ ಶಾಹೂ ಮಹಾರಾಜರ ಚರಿತ್ರಕಾರರೂ ಆಗಿದ್ದ ಜೈನ ಸಮಾಜದ ಅಣ್ಣಾಸಾಹೇಬ ಲಠ್ಠೆಯವರು ೧೯೩೭ರಲ್ಲಿ ಮುಂಬಯಿಯ ಕಾಂಗ್ರೆಸ್ ಸರಕಾರದಲ್ಲಿ ಅರ್ಥಮಂತ್ರಿಗಳಾದರು. ಹದಿನೈದು ವರ್ಷಗಳ ಹಿಂದೆ ಇದನ್ನು ಯಾರೂ ಊಹಿಸಿರಲಾರರು. ತಾವು ಕಟ್ಟಿದ ಮನೆಯಲ್ಲಿ ಇತರರು ಯಜಮಾನರಾಗುವುದನ್ನು ನೋಡಿ ಸಂತೋಷಪಡುವುದು ದೊಡ್ಡ ಮನಸ್ಸಿನವರಿಗೆ ಮಾತ್ರ ಸಾಧ್ಯ. ರಾಯರು ಆ ಬಳಿಕ ಅಧಿಕಾರದ ಬೆನ್ನು ಹತ್ತಲಿಲ್ಲ.

ಎಲ್ಲ ಪ್ರಯತ್ನಗಳೂ ಸಫಲವಾದವೆಂದು ಬರೆದರೆ ಅದು ಚರಿತ್ರೆಯಾಗದು, ಸ್ತೋತ್ರವಾದೀತು. ರಾಮದುರ್ಗದ ಸಂಗತಿಯನ್ನು ಮುಚ್ಚಿಡುವಂತಿಲ್ಲ. ಅದು ಭಾವೆ ಮನೆತನದ ಅರಸರ ಸಂಸ್ಥಾನ. ಅರಸರು ಬ್ರಾಹ್ಮಣರು, ಪ್ರಜೆಗಳಲ್ಲಿ ಬಹುಪಾಲು ರೈತರು ಮತ್ತು ನೇಕಾರರು. ಕರಭಾರವನ್ನು ಇಳಿಸಬೇಕು, ಆಡಳಿತದಲ್ಲಿ ಪ್ರಜೆಗಳ ಮಾತು ನಡೆಯಬೇಕೆಂದು ಪ್ರಜಾಸಂಘವು ಚಳವಳಿ ಹೂಡಿತು. ಅರಸರಿಗೂ ಪ್ರಜಾಸಂಘಕ್ಕೂ ರಾಜಿಯಾಗಲೆಂದು ಗಂಗಾಧರರಾಯರಂಥ ಹಿರಿಯರು ಶ್ರಮಿಸಿದರು. ಆದರೂ ನಂಬಿಕೆ ಬಲಿಯುವ ಮೊದಲೇ ಸಿಟ್ಟು ಬಲಿಯಿತು. ಮುಂದಾಳುಗಳ ಬಂಧನದಿಂದ ಕೆರಳಿದ ಜನಸಮೂಹವು ೧೯೩೯ರ ಏಪ್ರಿಲ ೭ರಂದು ರಾಮದುರ್ಗದ ಸೆರೆಮನೆಗೆ ನುಗ್ಗಿತು. ಗೋಲಿಬಾರಾಯಿತು. ಜನರೂ ಸತ್ತರು, ಪೋಲೀಸರೂ ಸತ್ತರು. ಅನೇಕ ಮನೆಗಳವರು ವರ್ಷಗಟ್ಟಲೆ ಸೆರೆಮನೆ, ಅಜ್ಞಾತವಾಸಗಳ ಕಷ್ಟವನ್ನು ಉಂಡರು. ಗಾಂಧೀಜಿಯವರು ಜನರ ಕಡೆಯ ಹಿಂಸೆಯನ್ನು ಸ್ಪಷ್ಟವಾಗಿ ಖಂಡಿಸಿದರು. ಮೇಲಿನ ಇಬ್ಬರು ಮೂವರು ಹಿರಿಯರು ಕೂತು ಮಾಡಿದ ಒಪ್ಪಂದವು ಕೆಳಗಿನ ಸಾವಿರಾರು ಜನರ ಕಿವಿಗೆ, ಮನಸ್ಸಿಗೆ ತಲುಪದಿದ್ದರೆ ಎಷ್ಟು ದುರ್ಬಲವಾದದ್ದೆಂಬುದನ್ನು ರಾಮದುರ್ಗವು ಕಲಿಸಿತು. ೧೯೪೮ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಅದೇ ೧೯೪೮ರ ಜನವರಿ ೩೦ರಂದು ಗಾಂಧೀಜಿಯವರ ಹತ್ಯೆಯಾಯಿತು. ಕೊಂದವನು ಬ್ರಾಹ್ಮಣನೆಂಬ ಕಾರಣಕ್ಕೆ ದಕ್ಷಿಣ ಮಹಾರಾಷ್ಟ್ರದ ಅನೇಕ ಊರುಗಳಲ್ಲಿ ನಿರಪರಾಧಿಗಳಾದ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಆಗ ಗಂಗಾಧರರಾಯರಿಗೆ ೭೬ ವರ್ಷಗಳು. ತಮ್ಮ ಎರಡನೆಯ ಗುರುವನ್ನು ಕಳೆದುಕೊಂಡ ದುಃಖ ಒಂದು ಕಡೆ, ಅರ್ಧ ಆಯುಷ್ಯವನ್ನು ಸವೆಸಿ ಆರಿಸಲು ಯತ್ನಿಸಿದ ಬೆಂಕಿಯು ನೆರೆಯಲ್ಲೇ ಮತ್ತೆ ಹೊತ್ತಿದ ದುಃಖ ಇನ್ನೊಂದು ಕಡೆ. ಇಂಥ ಆಘಾತದ ನಂತರವೂ ಅವರು ಖಾದಿಯನ್ನಾಗಲಿ, ಹಳ್ಳಿಯನ್ನಾಗಲಿ ಬಿಡಲಿಲ್ಲ.

ಭಾಷೆಯ ಜಗಳವು ಅವರ ಕೊನೆಯ ವರ್ಷಗಳ ಸಂಗಾತಿಯಾಯಿತು. ೧೯೨೯ರಲ್ಲಿ ಬೆಳಗಾವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಅಧ್ಯಕ್ಷತೆಯಲ್ಲಿಯೂ, ಮರಾಠಿ ಸಾಹಿತ್ಯ ಸಮ್ಮೇಳನವು ಶಿವರಾಮ ಮಹಾದೇವ ಪರಾಂಜಪೆಯವರ ಅಧ್ಯಕ್ಷತೆಯಲ್ಲಿಯೂ ನಡೆದಿದ್ದವು. ಒಂದೇ ಊರು ಒಂದೇ ವರ್ಷದಲ್ಲಿ ಎರಡು ಸರಸ್ವತಿಯರನ್ನು ಪೂಜಿಸಿದ ಕಾಲವದು. ೧೯೫೬ರ ನವೆಂಬರ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ೧೯೨೪ರ ಕನಸು ನನಸಾಯಿತು. ಆದರೆ ಗಡಿಯ ವಾದವು ಬೆಳೆಯಿತು. ೨೦೦೪ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನು ಏರಿತು. ನಮ್ಮ ಮನೆಗಳಲ್ಲಿ ಪಂಚಾಂಗ ಮರಾಠಿಯದು, ಹಾಡುವ ದಾಸರಪದ ಕನ್ನಡದ್ದು, ಬೀಗರು ಎರಡೂ ಕಡೆಯವರು. ಹೀಗಿರುವಾಗ ಗಡಿಯ ಆಚೆ ಈಚೆಯವರನ್ನು ಶತ್ರುಗಳೆಂದು ಕರೆಯುವ ಮೊದಲು ಗಂಗಾಧರರಾಯರ ಜೀವನವನ್ನು ನೆನೆಯುವುದು ಒಳ್ಳೆಯದು.

ಅವರು ೧೯೬೦ರ ಜುಲೈ ೩೦ರಂದು, ೮೯ನೆಯ ವಯಸ್ಸಿನಲ್ಲಿ ಇಹಲೋಕವನ್ನು ತ್ಯಜಿಸಿದರು. ವಾಡೆಯಲ್ಲಿ ಹುಟ್ಟಿದ ಜೀವವು ಖಾದಿಯ ಎರಡು ಜೊತೆ ಬಟ್ಟೆಯಷ್ಟೇ ಸಾಕೆಂಬ ತೃಪ್ತಿಯಲ್ಲಿ ಮುಗಿಯಿತು.

ಈ ಚರಿತ್ರೆಯಿಂದ ನಮ್ಮ ಕುಟುಂಬಗಳು ತಿಳಿಯಬೇಕಾದದ್ದೇನು? ೧೯೭೪ರ ಭೂಸುಧಾರಣೆಯಲ್ಲಿ ನಮ್ಮ ಅನೇಕ ಮನೆತನಗಳು ಹೊಲಗಳನ್ನು ಕಳೆದುಕೊಂಡವು. ಆ ನೋವು ಅಜ್ಜಿಯರ ಮಾತಿನಲ್ಲಿ, ಹಳೆಯ ಉತಾರದ ಕಾಗದಗಳಲ್ಲಿ ಇಂದಿಗೂ ಜೀವಂತವಾಗಿದೆ. ಆ ನೋವನ್ನು ಸುಳ್ಳೆನ್ನುವ ಅಧಿಕಾರ ಯಾರಿಗೂ ಇಲ್ಲ. ಅದೇ ಹೊಲವನ್ನು ಮೂರು ತಲೆಮಾರು ಉತ್ತು, ಫಸಲಿನ ಪಾಲನ್ನು ಅಳೆದು ಕೊಟ್ಟು, ತನ್ನದೆನ್ನುವ ಒಂದು ಗುಂಟೆಯೂ ಇಲ್ಲದೆ ಸತ್ತ ರೈತನ ಮನೆಯಲ್ಲಿಯೂ ಒಂದು ಕಥೆಯಿದೆ. ನಮ್ಮ ಕಥೆಯನ್ನು ಅವರು ಕೇಳಬೇಕೆಂದು ನಾವು ಬಯಸುವುದಾದರೆ ಅವರ ಕಥೆಯನ್ನು ನಾವು ಮೊದಲು ಕೇಳಬೇಕು. ವತನದಾರರ ಮನೆಯಲ್ಲಿ ಹುಟ್ಟಿಯೂ ಗಂಗಾಧರರಾಯರು, ಕಾಯದೆ ಬಂದು ಕೇಳುವ ಮೊದಲೇ, ಆ ರೈತನ ಪಕ್ಕಕ್ಕೆ ಹೋಗಿ ಕುಳಿತರು. ಅವರ ಹಿರಿಮೆಯೆಲ್ಲ ಅದರಲ್ಲಿಯೇ ಅಡಗಿದೆ.

ನಮ್ಮ ದೇವಸ್ಥಾನಗಳ ಉತ್ಸವವನ್ನೇ ನೋಡೋಣ. ತೇರಿನ ಗಾಲಿಯನ್ನು ಬಡಿಗೇರರು ಸಜ್ಜುಗೊಳಿಸುತ್ತಾರೆ, ಹಣತೆಯನ್ನು ಕುಂಬಾರರು ಕೊಡುತ್ತಾರೆ, ಹೂವನ್ನು ಹೂಗಾರರು ತರುತ್ತಾರೆ, ವಾದ್ಯವನ್ನು ಬೇರೊಬ್ಬರು ನುಡಿಸುತ್ತಾರೆ, ಹಗ್ಗವನ್ನು ಊರೆಲ್ಲ ಹಿಡಿಯುತ್ತದೆ. ಇವರೆಲ್ಲರ ಕೈಗಳಿಂದ ಉತ್ಸವವನ್ನು ಮಾಡಿಸಿಕೊಂಡ ಮೇಲೆ, ಪ್ರಸಾದವನ್ನು ಕೊಟ್ಟು ಕಳಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಸಮಾರಾಧನೆಯ ಮರುದಿನ ಆ ಹಿರಿಯರನ್ನು ಗೌರವದಿಂದ ಕರೆದು, ಕುಳ್ಳಿರಿಸಿ, ವರ್ಷವಿಡೀ ಅವರ ಮನಸ್ಸಿನಲ್ಲಿ ಉಳಿದ ಮಾತೇನೆಂದು ಕೇಳುವ ಪದ್ಧತಿಯನ್ನು ಪ್ರತಿಯೊಂದು ಊರಿನವರೂ ಆರಂಭಿಸಬಹುದು. ಅವರು ಹೇಳಿದ್ದೆಲ್ಲ ನಮಗೆ ಹಿತವಾಗಲಿಕ್ಕಿಲ್ಲ. ಪೂರ್ವಪಕ್ಷವು ಎಂದೂ ಹಿತವಾಗಿರುವುದಿಲ್ಲ. ಆದರೂ ಅದನ್ನು ಬಿಟ್ಟು ಸಿದ್ಧಾಂತಕ್ಕೆ ದಾರಿಯಿಲ್ಲವೆಂಬುದನ್ನು ನಮ್ಮ ಗುರುಗಳೇ ನಮಗೆ ಕಲಿಸಿಕೊಟ್ಟಿದ್ದಾರೆ.

ಸರ್ವರಿಗೂ ಸದ್ಬುದ್ಧಿಯನ್ನಿತ್ತು ಶ್ರೀಹರಿವಾಯುಗುರುಗಳು ಕಾಪಾಡಲೆಂದು ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥